ಲೋಕಾಕೃತಿಯ ಚಿತ್ರವೂ ವೀರಸೇನಾಚಾರ್ಯರ ಗಣಿತವೂ

ಕಳಸದ ಸಮೀಪದ ಘಟ್ಟಸಾಲಿನ ಉನ್ನತ ಶಿಖರವೊಂದು ಒಂದು ದಿಕ್ಕಿನಿಂದ ಕುದುರೆಯ ಮುಖದಂತೆ ತೋರುವುದರಿಂದ ಕುದುರೆಮುಖವೆನಿಸಿತು. ದಿಕ್ಕು ಬದಲಾದರೆ ಕುದುರೆ ಮರೆಯಾಗುತ್ತದೆ, ಪರ್ವತ ಉಳಿಯುತ್ತದೆ. ಸಾದೃಶ್ಯವು ಗುರುತಿಗೆ ಸಾಧನವೇ ಹೊರತು ವಸ್ತುಸ್ವರೂಪಕ್ಕೆ ಪ್ರಮಾಣವಲ್ಲ.

ಆ ಘಟ್ಟದ ಕೆಳಗಣ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ರಕ್ಷಿತವಾದ ಧವಲಾ ಟೀಕೆಯಲ್ಲಿ ಈ ವಿವೇಕಕ್ಕೆ ಶ್ರೇಷ್ಠ ನಿದರ್ಶನವಿದೆ. ಅಧೋಲೋಕ ವೇತ್ರಾಸನದಂತೆ, ಮಧ್ಯಲೋಕ ಝಲ್ಲರಿಯಂತೆ, ಊರ್ಧ್ವಲೋಕ ಮೃದಂಗದಂತೆ ಎಂಬುದು ಪರಂಪರೆಯ ಉಪಮಾನ. ಮೃದಂಗ ದುಂಡಾದುದರಿಂದ ಲೋಕವೂ ದುಂಡೆಂದು ಕೆಲವರು ಗ್ರಹಿಸಿದ್ದರು. ವೀರಸೇನಾಚಾರ್ಯರು ಕ್ಷೇತ್ರಾನುಗಮದಲ್ಲಿ ಈ ಗ್ರಹಿಕೆಯನ್ನು ಗಣಿತದ ಒರೆಗಲ್ಲಿಗೆ ಹಚ್ಚಿದರು. ದುಂಡಾದ ಲೋಕದ ಘನಫಲ 164 ಘನರಜ್ಜುಗಳಿಗಿಂತ ಸ್ವಲ್ಪವೇ ಹೆಚ್ಚು. ಆಗಮೋಕ್ತ 343ರ ಅರ್ಧವೂ ಆಗದು. ದಕ್ಷಿಣೋತ್ತರವಾಗಿ ಸರ್ವತ್ರ 7 ರಜ್ಜು ದಪ್ಪವೆಂದರೆ ಲೆಕ್ಕ ಕೂಡುತ್ತದೆ: ಕೆಳಗೆ 28, ಮೇಲೆ 21, ಒಟ್ಟು 49 ವರ್ಗರಜ್ಜು, ಅದನ್ನು 7ರಿಂದ ಗುಣಿಸಿದರೆ 343.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಆಚಾರ್ಯರು ಚಿತ್ರವನ್ನು ತೊರೆದವರಲ್ಲ. ದುಂಡು ಆಕೃತಿಯ ನಡುವಣ ಭಾಗವನ್ನು ತೆಗೆದು, ಉಳಿದುದನ್ನು ಸೀಳಿ ಮೊರದಂತೆ ಹರಡಿ, ತುಂಡುತುಂಡಾಗಿ ಕತ್ತರಿಸಿ ಅಳೆಯುವ ಅವರ ಕ್ರಮವೂ ಮನೋಚಿತ್ರವೇ. ಆದರೆ ಮೃದಂಗದ ಚಿತ್ರ ಬುದ್ಧಿಯನ್ನು ಒಂದೆಡೆ ನಿಲ್ಲಿಸಿತು. ಕತ್ತರಿಸಬಹುದಾದ ಚಿತ್ರ ಅದನ್ನು ನಡೆಯಿಸಿತು. ಒಡೆದು ಪರೀಕ್ಷಿಸಲು ಎಡೆಗೊಡುವ ಚಿತ್ರ ಚಿಂತನೆಗೆ ಸಹಕಾರಿ, ಎಡೆಗೊಡದುದು ಆವರಣ.

ಮುದ್ರಿತ ಗ್ರಂಥಗಳಲ್ಲಿ ಸಾಮಾನ್ಯವಾಗಿ ಕಾಣುವ, ಸೊಂಟದ ಮೇಲೆ ಕೈಯಿಟ್ಟು ನಿಂತ ಲೋಕಪುರುಷನ ಚಿತ್ರವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಯುಕ್ತ. ವಿದ್ಯಾರ್ಥಿಗೆ 7, 1, 5, 1 ಎಂಬ ವಿಸ್ತಾರಗಳು ನೆನಪಿನಲ್ಲಿ ನಿಲ್ಲುವುದಕ್ಕೆ ಅದು ಉಪಕಾರಿಯೇ ಸರಿ. ಆದರೆ ಲೋಕ ದುಂಡಾಗಿದ್ದರೂ, ಸಮಾನ ದಪ್ಪವುಳ್ಳದ್ದಾಗಿದ್ದರೂ ಮುಂಭಾಗದ ಆ ರೇಖೆ ಒಂದೇ. ವೀರಸೇನರು ಬಗೆಹರಿಸಿದ ವಿವಾದವೇ ಆ ಚಿತ್ರದಲ್ಲಿ ಅಳಿಸಿಹೋಗುತ್ತದೆ. ಪಾರ್ಶ್ವದಿಂದ ನೋಡಿದರೆ ಕಾಣುವುದು 7 ರಜ್ಜು ಅಗಲ, 14 ರಜ್ಜು ಎತ್ತರದ ಬರಿಯ ಆಯತ; ಅಲ್ಲಿ ಪುರುಷನಿಲ್ಲ, ಮೃದಂಗವೂ ಇಲ್ಲ.

ಆದುದರಿಂದ ಸಂಪಾದಕರು ಮುಂಭಾಗದ ಚಿತ್ರದೊಡನೆ ಪಾರ್ಶ್ವಚಿತ್ರವನ್ನೂ ಕೊಡುವುದು ಅವಶ್ಯ. ಎರಡನ್ನೂ ಕಂಡ ಓದುಗನಷ್ಟೇ ಆಚಾರ್ಯರ ಗಣಿತಕ್ಕೆ ಅಧಿಕಾರಿಯಾಗುವನು.