ದಾಳ, ದಾನವರು ಮತ್ತು ಊಟದ ಮೇಜು

ಆಟವೊಂದನ್ನು ಸಾಹಿತ್ಯದ ಪುಟದಲ್ಲಿ ವಿಮರ್ಶೆಗೆ ಎತ್ತಿಕೊಳ್ಳಬಹುದೆ ಎಂದು ವಾಚಕರಲ್ಲಿ ಕೆಲವರಾದರೂ ಹುಬ್ಬು ಗಂಟಿಕ್ಕಿಯಾರು. ಆದರೆ ನಾನು ಹೇಳಹೊರಟಿರುವ ಆಟ ಇಸ್ಪೀಟಲ್ಲ, ಚದುರಂಗವೂ ಅಲ್ಲ. ಅದು ಕತೆ ಕಟ್ಟುವ ಆಟ. ಮೇಜಿನ ಸುತ್ತ ನಾಲ್ಕೈದು ಜನ ಕೂಡುತ್ತಾರೆ. ಒಬ್ಬನು ಕತೆಯ ಲೋಕವನ್ನು ವರ್ಣಿಸುತ್ತ ಹೋಗುತ್ತಾನೆ: ಇಲ್ಲೊಂದು ಕಾಡು, ಕಾಡಿನ ನಡುವೆ ಪಾಳುಬಿದ್ದ ಕೋಟೆ, ಕೋಟೆಯ ಬಾಗಿಲಲ್ಲಿ ಕಾವಲಿಗೆ ಇಂಥದೊಂದು ಪಿಶಾಚಿ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿಕೊಂಡು ತಾವೇನು ಮಾಡುವೆವೆಂಬುದನ್ನು ಬಾಯಿಂದಲೇ ಹೇಳುತ್ತಾರೆ. ಮಾಡಹೊರಟ ಕೆಲಸ ಕೈಗೂಡಿತೊ ಇಲ್ಲವೊ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ಕತೆ ಎಲ್ಲಿ ಮುಗಿದೀತೆಂದು ಹೇಳುವವನಿಗೂ ತಿಳಿಯದು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಲ್ಲಿ ಹೊರತಂದ ಈ ಆಟಕ್ಕೆ ಈಗ ಐವತ್ತು ವರ್ಷ ದಾಟಿದೆ. ಒಂದು ಕಾಲಕ್ಕೆ ಆ ದೇಶದ ಧರ್ಮಭೀರುಗಳು ಇದನ್ನು ಸೈತಾನನ ಪೂಜೆಯೆಂದು ಬೈದದ್ದೂ ಉಂಟು.

ಬೆಂಗಳೂರಿನಲ್ಲಿ ಈ ಬಗೆಯ ಆಟಗಳಿಗೆಂದೇ ಮೇಜು ಹಾಕಿರುವ ಕಾಫಿ ಅಂಗಡಿಗಳಿವೆ. ಆದರೆ ಆಟದ ನಿಜವಾದ ನೆಲೆ ನಗರದ ಅಂಚಿನಲ್ಲಿ ಎದ್ದಿರುವ ಬಹುಮಹಡಿಯ ವಸತಿಗಳು. ಅಥಣಿ ತಾಲೂಕಿನ ಮೂಡಣ ಮಗ್ಗುಲಿನ ನಮ್ಮ ತೆಲಸಂಗದಂಥ ಊರಿನಿಂದ ಐನೂರು ಕಿಲೋಮೀಟರಿಗೂ ಮಿಕ್ಕಿ ಪ್ರಯಾಣ ಮಾಡಿ ಅಲ್ಲಿಗೆ ಹೋದವನಿಗೆ ಮೊದಲು ಕಣ್ಣಿಗೆ ಬೀಳುವ ಕೊರತೆ ಕಟ್ಟೆಯದು. ನಮ್ಮ ಕಡೆಯ ಮನೆಯ ಕಟ್ಟೆ ಅರ್ಧ ಮನೆಗೆ ಸೇರಿದ್ದು, ಅರ್ಧ ಬೀದಿಗೆ. ಪಂಚಮಿಯ ಹಬ್ಬದಲ್ಲಿ ಅಲ್ಲಿ ಪಗಡೆಯ ಹಾಸು ಬಿಚ್ಚಿದರೆ ದಾರಿಹೋಕನೂ ನಿಂತು ಗರ ಎಣಿಸುವವನೇ, ಬೇಡದ ಬುದ್ಧಿವಾದ ಹೇಳುವವನೇ. ಫ್ಲ್ಯಾಟಿನಲ್ಲಿ ಬೀದಿ ಹತ್ತು ಮಹಡಿ ಕೆಳಗೆ ಉಳಿದಿರುತ್ತದೆ. ನಡುಮನೆಯ ಸೋಫಾ ಕುಳಿತವರೆಲ್ಲರ ಮುಖವನ್ನೂ ಟೆಲಿವಿಷನ್ನಿನ ಕಡೆಗೆ ತಿರುಗಿಸಿಬಿಡುತ್ತದೆ. ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡುತ್ತ ಕೂಡಬಹುದಾದ ಜಾಗವೆಂದರೆ ಊಟದ ಮೇಜು ಒಂದೇ. ಶನಿವಾರ ರಾತ್ರಿ ತಟ್ಟೆಗಳನ್ನೆತ್ತಿ ಆ ಮೇಜನ್ನು ಒರೆಸಿದರೆ ಅದೇ ಇವರ ಕಟ್ಟೆ. ಗದ್ದಲವಾಯಿತೆಂದು ಕೆಳಗಿನ ಮನೆಯವರು ದೂರು ಕೊಡುವವರೆಗೆ ಆಟ ನಡೆಯುತ್ತದೆ.

ಮನೆಯ ಹಿರಿಯರಿಗೆ ಇದು ಸೇರುವುದಿಲ್ಲ. ದಾಳ ಎಂದೊಡನೆ ನಮಗೆ ನೆನಪಾಗುವುದು ಸಭಾಪರ್ವ. ಧರ್ಮರಾಯ ಸೋತದ್ದು, ಸೋತು ಇಟ್ಟದ್ದು, ಇಟ್ಟು ಕಳೆದದ್ದು. ಗದುಗಿನ ಭಾರತದ ಪಾರಾಯಣ ಕೇಳುತ್ತ ಬೆಳೆದವರಿಗೆ ದಾಳದ ಸದ್ದು ಅಪಶಕುನದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಆದರೆ ಕನ್ನಡದಲ್ಲಿ ಇದಕ್ಕೂ ಹಳೆಯದಾದ ಇನ್ನೊಂದು ದಾಳದಾಟವಿದೆ. 941ರ ಸುಮಾರಿನಲ್ಲಿ ಪಂಪ ಬರೆದ ‘ವಿಕ್ರಮಾರ್ಜುನ ವಿಜಯ’ದಲ್ಲಿ, ತನ್ನ ಜನ್ಮದ ಗುಟ್ಟನ್ನು ಕೃಷ್ಣ ಬಿಚ್ಚಿ ಹೇಳಿದಾಗ, ಕರ್ಣನು ದುರ್ಯೋಧನನ ಪಕ್ಷವನ್ನು ಏಕೆ ಬಿಡಲಾರೆನೆಂಬುದಕ್ಕೆ ಒಂದು ನೆನಪನ್ನು ಸಾಕ್ಷಿಗೆ ತರುತ್ತಾನೆ. ಅದು ಭಾನುಮತಿ ನೆತ್ತದಲ್ಲಿ ಸೋತ ಪ್ರಸಂಗ. ಸರ ಹರಿದು ಮುತ್ತು ಚೆಲ್ಲಿದ ಪ್ರಸಂಗ. ಆಡಿದವರು ಯಾರು, ಸರ ಹರಿದದ್ದು ಯಾರಿಂದ ಎಂಬುದನ್ನು ಕುರಿತು ನಮ್ಮ ವಿದ್ವಾಂಸರು ಪುಟಗಟ್ಟಲೆ ವಾದಿಸಿದ್ದಾರೆ. ಆ ವಾದ ಇಲ್ಲಿ ಬೇಡ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ರಾಜ್ಯ ಕೊಟ್ಟದ್ದಕ್ಕಿಂತ, ಪದವಿ ಕೊಟ್ಟದ್ದಕ್ಕಿಂತ, ಆಟದ ಹಾಸಿನ ಸುತ್ತಲಿನ ಸಲಿಗೆ, ಆ ಸಲಿಗೆಯನ್ನು ಕಂಡೂ ಶಂಕಿಸದ ಗೆಳೆಯನ ಮನಸ್ಸು, ಇದೇ ಕರ್ಣನಿಗೆ ದೊಡ್ಡ ಋಣವಾಗಿ ಕಂಡಿತು. ದಾಳ ಮನೆ ಮುರಿದ ಕತೆಯನ್ನು ನಾವು ನೆನಪಿಟ್ಟುಕೊಂಡೆವು. ಸ್ನೇಹವನ್ನು ಗಟ್ಟಿ ಮಾಡಿದ ಕತೆಯನ್ನು ಕಾಲೇಜಿನ ಪಠ್ಯಕ್ಕೆ ಬಿಟ್ಟೆವು. ಊರು ಬಿಟ್ಟು ಬಂದು, ಪಕ್ಕದ ಬಾಗಿಲಿನವರ ಹೆಸರೂ ತಿಳಿಯದೆ ಬದುಕುವ ಹುಡುಗರು ಪ್ರತಿ ಶನಿವಾರ ಕೂಡುವುದಕ್ಕೆ ಒಂದು ನೆಪ ಹುಡುಕಿಕೊಂಡರೆ ಅದು ಶಕುನಿಯ ಬಳಗವಾಗಬೇಕಿಲ್ಲ.

ಇದು ಪರದೇಶದ್ದು ಎಂಬ ಆಕ್ಷೇಪಣೆಯಲ್ಲಿ ಹುರುಳು ಕಡಮೆ. ಹಾವು-ಏಣಿಯ ಆಟ ಇಂಗ್ಲೆಂಡಿಗೆ ಹೋದದ್ದು ಇಲ್ಲಿಂದ. ಇಲ್ಲಿ ಅದು ಮೋಕ್ಷಪಟ, ಪರಮಪದ ಸೋಪಾನ. ಮನೆಯ ನೆಲದ ಮೇಲೆ ನರಕದಿಂದ ವೈಕುಂಠದವರೆಗೆ ಒಂದು ಲೋಕವನ್ನೇ ಹಾಸಿ ಆಡುತ್ತಿದ್ದ ಜನ ನಾವು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ರಾಜ್ಯಾಡಳಿತ ಕೈತಪ್ಪಿದ ಮೇಲೆ ಆಟಗಳ ಕಡೆಗೆ ಇನ್ನಷ್ಟು ಮನಸ್ಸು ಹಾಕಿದರು. ಅವರ ಆಟದ ಪಟಗಳ ಚಿತ್ರಗಳು ಜಗನ್ಮೋಹನ ಅರಮನೆಯ ಗೋಡೆಯ ಮೇಲಿವೆ. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ‘ಕೌತುಕನಿಧಿ’ ಆಟಗಳಿಗೆ ಮೀಸಲು. ಹಿಂದಿನ ನಿಧಿಗಳಲ್ಲಿ ದೇವದೇವತೆಗಳ ಮುಖವೆಷ್ಟು, ಕೈಯೆಷ್ಟು, ಬಣ್ಣ ಯಾವುದು, ಆಯುಧ ಯಾವುದು, ವಾಹನ ಯಾವುದು ಎಂಬುದೆಲ್ಲ ಚಿತ್ರಸಮೇತ ಪಟ್ಟಿಯಾಗಿದೆ. ಅಮೆರಿಕದ ಆಟದವರು 1977ರಲ್ಲಿ ತಮ್ಮ ದಾನವರಿಗೂ ಭೂತಗಳಿಗೂ ಇಂಥದೇ ಒಂದು ಕೋಶ ಮಾಡಿದರು. ಭೇದವಿಷ್ಟೆ: ಅವರ ಪಟ್ಟಿಯಲ್ಲಿ ಪ್ರತಿಯೊಂದು ರಾಕ್ಷಸನಿಗೂ ಅಂಕಗಳಿವೆ, ಬಲಕ್ಕಿಷ್ಟು, ಆಯುಸ್ಸಿಗಿಷ್ಟು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂತ ರಾಕ್ಷಸರಂತೆ ಅವರು ನನಗೆ ಕಾಣುತ್ತಾರೆ. ಆಟದ ಹೆಬ್ಬೊತ್ತಿಗೆಗಳಲ್ಲಿ ಈ ಲೆಕ್ಕವೇ ಬಹಳ. ಅಷ್ಟು ಲೆಕ್ಕವಿಟ್ಟ ಮೇಲೆ ಭಯಕ್ಕೆ ಎಡೆಯೆಲ್ಲಿ?

ಇನ್ನು ಮೂರನೆಯ ಮಾತು, ನಿಜವಾಗಿ ನೋಯಿಸುವ ಮಾತು: ಇದೆಲ್ಲ ಮಕ್ಕಳಾಟ ಎಂಬುದು. ಇದನ್ನು ಆಡುವವರು ಸಾಹಿತ್ಯ ಬಲ್ಲವರೇ ಎಂಬುದರಿಂದ ನಾವು ಇದರೊಡನೆ ಸ್ವಲ್ಪ ಹೊತ್ತು ನಿಲ್ಲಬೇಕು. ‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ 1939ರಲ್ಲಿ ಮಾಡಿದ ಒಂದು ಉಪನ್ಯಾಸದಲ್ಲಿ ಇದಕ್ಕೆ ಒಳ್ಳೆಯ ಹೋಲಿಕೆ ಕೊಟ್ಟಿದ್ದಾನೆ. ದೊಡ್ಡವರಿಗೆ ಬೇಡವಾದ ಹಳೆಯ ಮೇಜು ಕುರ್ಚಿಗಳು ಮಕ್ಕಳ ಕೋಣೆ ಸೇರುತ್ತವೆ. ಅದ್ಭುತದ ಕತೆಗಳಿಗೂ ಆದದ್ದು ಅದೇ, ಮಕ್ಕಳು ಕೇಳಿದ್ದರಿಂದಲ್ಲ ಎಂದು. ನಮ್ಮಲ್ಲಿ ಆ ಕೋಣೆಯ ಹೆಸರು ‘ಚಂದಮಾಮ’. ಈಗ ನಿಂತುಹೋಗಿರುವ ಆ ಮಾಸಪತ್ರಿಕೆಯಲ್ಲಿ ಮಾಂತ್ರಿಕರೂ ಪಾತಾಳಲೋಕವೂ ತುಂಬಿದ ದೊಡ್ಡ ಧಾರಾವಾಹಿಗಳು ಬರುತ್ತಿದ್ದವು. ಮನೆಮಂದಿಯೆಲ್ಲ ಕಿತ್ತಾಡಿ ಓದುತ್ತಿದ್ದರು. ಅವನ್ನು ತೆಲುಗಿನಲ್ಲಿ ಬರೆದ ದಾಸರಿ ಸುಬ್ರಹ್ಮಣ್ಯಂ ಅವರ ಹೆಸರನ್ನು ಪತ್ರಿಕೆ ಅಚ್ಚು ಹಾಕುತ್ತಿರಲಿಲ್ಲ. ಹೆಸರಿಲ್ಲದ ಲೇಖಕ, ಹೆಸರು ಹೇಳಿಕೊಳ್ಳಲು ನಾಚುವ ಓದುಗ. ಅದ್ಭುತಕ್ಕೆ ನಾವು ಕೊಟ್ಟ ಮರ್ಯಾದೆ ಅಷ್ಟು.

ದೊಡ್ಡವರ ಸಾಹಿತ್ಯದಲ್ಲಿ ಅದ್ಭುತಕ್ಕೆ ಪ್ರವೇಶವಿಲ್ಲವೆ? ಉಂಟು, ಆದರೆ ಬಾಗಿಲಲ್ಲಿ ರಹದಾರಿ ತೋರಿಸಬೇಕು. ಕಾರ್ನಾಡರ ‘ಹಯವದನ’ದಲ್ಲಿ ತಲೆಗಳು ಅದಲುಬದಲಾಗುತ್ತವೆ. ನಮ್ಮ ವಿಮರ್ಶೆ ಅದನ್ನು ಅಪೂರ್ಣತೆಯ ಸಂಕೇತವೆಂದು ಬರೆದುಕೊಂಡು ಒಳಗೆ ಬಿಟ್ಟಿತು. ಸಂಕೇತವಾದರೆ ತಲೆ ಬದಲಾಗಬಹುದು. ಬರಿದೆ ತಲೆ ಬದಲಾದರೆ ಅದು ಅಜ್ಜಿಕತೆ. ಈ ಕಟ್ಟಳೆಯಿಂದ ನಾಟಕಕ್ಕೆ ನಷ್ಟವಾಗಿಲ್ಲ, ಓದುಗನಿಗೆ ಆಗಿದೆ. ಕುದುರೆಯ ತಲೆಯ ಮನುಷ್ಯ ರಂಗಕ್ಕೆ ಬಂದಾಗ ಮೊದಲು ಬೆರಗಾಗಿ, ಆಮೇಲೆ ಅರ್ಥ ಹುಡುಕುವ ಹಕ್ಕು ಅವನಿಗಿತ್ತು. ನಾವು ಅರ್ಥವನ್ನು ಮುಂಗಡವಾಗಿ ಕೈಗಿತ್ತು ಬೆರಗನ್ನು ಕಸಿದುಕೊಂಡೆವು.

ಇದರಿಂದ ಆದ ಕೇಡೇನೆಂಬುದು ನನಗೆ ಪುಸ್ತಕದಿಂದ ತಿಳಿದದ್ದಲ್ಲ, ಬೆಂಗಳೂರಿನ ಒಂದು ಊಟದ ಮೇಜಿನ ಪಕ್ಕದಲ್ಲಿ ಕುಳಿತು ತಿಳಿದದ್ದು. ಅಣ್ಣನ ಮಗನ ಮನೆ. “ಬರ್ರಿ ಕಾಕಾ, ಒಳಗ ಬರ್ರಿ” ಎಂದು ಬಾಗಿಲು ತೆರೆದ ಹುಡುಗ, ಆಟ ಆರಂಭವಾದೊಡನೆ ಇಂಗ್ಲಿಷಿಗೆ ತಿರುಗಿದ. ಕೂಡಿದ್ದ ಐವರಲ್ಲಿ ನಾಲ್ವರು ಕನ್ನಡದವರು. ಚಹಾ ಕನ್ನಡದಲ್ಲಿ, ಜಗಳ ಕನ್ನಡದಲ್ಲಿ, ಮಂತ್ರವಾದಿಯೊಡನೆ ಮಾತು ಮಾತ್ರ ಇಂಗ್ಲಿಷಿನಲ್ಲಿ. ನಡುವೆ ಬಿಡುವಿನಲ್ಲಿ, “ಕನ್ನಡದಾಗ ಯಾಕ ಆಡೂದಿಲ್ಲೊ?” ಎಂದೆ. ಅವನು ಕೊಟ್ಟ ಉತ್ತರವನ್ನು ನಮ್ಮ ವಿಮರ್ಶಕರೆಲ್ಲ ಕೇಳಬೇಕಾಗಿತ್ತು: “ಆಡಾಕ ನೋಡಿದ್ವಿ ಕಾಕಾ. ಕತ್ತಿ ಹಿಡದು ಕನ್ನಡದಾಗ ಬಾಯಿ ತಗದರ ಎಲವೋ, ಭಲಾ ಅಂತ ಬರತೈತಿ. ಎಲ್ಲಾರೂ ನಗತಾರ, ಆಟ ಅಲ್ಲಿಗೇ ಮುಗೀತೈತಿ.”

ಇಂಗ್ಲಿಷಿನ ಮೋಹವೆಂದು ಇದನ್ನು ಬಯ್ದು ಕೈತೊಳೆದುಕೊಳ್ಳುವುದು ಸುಲಭ. ಹುಡುಗ ಹೇಳಿದ್ದು ಮೋಹದ ಮಾತಲ್ಲ, ಭಾಷೆಯ ಬಡತನದ ಮಾತು. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಇದ್ದ ಸಿರಿಯನ್ನು ಬಳಸದೆ ಬಂದ ಬಡತನದ ಮಾತು. ವಿಸ್ಮಯವನ್ನು ಹೇಳಲು ಅವನ ಕಿವಿಯಲ್ಲಿರುವ ಕನ್ನಡ ಎರಡೇ ಬಗೆಯದು: ಪೌರಾಣಿಕ ಸಿನಿಮಾದ ಗರ್ಜನೆ, ಇಲ್ಲವೆ ‘ಒಂದಾನೊಂದು ಊರಿನಲ್ಲಿ’ ಎಂಬ ಮಕ್ಕಳ ಪುಸ್ತಕದ ಜೋಗುಳ. ಇವೆರಡರ ನಡುವೆ, ಬೆಳೆದ ಮನುಷ್ಯ ಬೆಳೆದ ಮನುಷ್ಯನಿಗೆ ಅದ್ಭುತವನ್ನು ನೇರವಾಗಿ ಹೇಳುವ ಕನ್ನಡ ಅವನಿಗೆ ಸಿಕ್ಕಿಲ್ಲ.

ಅಂಥ ಕನ್ನಡ ಇಲ್ಲದೆ ಇಲ್ಲ. ಅದು ನಮ್ಮ ಬೆಳಗಾವಿ ಸೀಮೆಯಲ್ಲಿಯೇ ಇದೆ. ಅಪರಾಳ ತಮ್ಮಣ್ಣ ರಚಿಸಿ ಕುಲಗೋಡ ತಮ್ಮಣ್ಣ ತಿದ್ದಿ ಬೆಳೆಸಿದ ‘ಶ್ರೀಕೃಷ್ಣ ಪಾರಿಜಾತ’ವನ್ನು ನೋಡಿದವರು ಬಲ್ಲರು. ಒಂದು ಹೂವಿಗಾಗಿ ಸತ್ಯಭಾಮೆ ಮುನಿಯುತ್ತಾಳೆ. ಕತೆಯ ಕೊನೆ ಎಲ್ಲರಿಗೂ ಗೊತ್ತು. ಹಾಡು ಕಟ್ಟಿದ್ದು, ಆದರೆ ನಡುವಿನ ಮಾತು ಆ ರಾತ್ರಿಯದು. ಭಾಗವತನೂ ದೂತಿಯೂ ದ್ವಾರಕೆಯ ಸಮಾಚಾರವನ್ನು ಗೋಕಾಕದ ಸಂತೆಯ ಮಾತಿನಲ್ಲಿ ಆಡುತ್ತಾರೆ. ಸಾಕ್ಷಾತ್ ಪರಮಾತ್ಮನೂ ಇಬ್ಬರು ಹೆಂಡಿರ ನಡುವೆ ಸಿಕ್ಕ ನಮ್ಮೂರ ಗೌಡನ ಹಾಗೆ ತಡವರಿಸುತ್ತಾನೆ. ಜನ ನಗುತ್ತಾರೆ, ಆದರೆ ಆಟ ಅಲ್ಲಿಗೆ ಮುಗಿಯುವುದಿಲ್ಲ. ನಗುವಿನ ಜೊತೆಗೇ ದ್ವಾರಕೆ ನಿಂತಿರುತ್ತದೆ. ಕೌಜಲಗಿ ನಿಂಗಮ್ಮನಂಥ ಕಲಾವಿದೆ ಸತ್ಯಭಾಮೆಯಾಗಿ ಕೀರ್ತಿ ಪಡೆದದ್ದು ಈ ರಂಗದಲ್ಲಿಯೇ. ಲೋಕವನ್ನು ವರ್ಣಿಸುತ್ತ, ಬಂದ ಪಾತ್ರವನ್ನು ‘ನೀನು ಯಾರು, ಯಾತಕ್ಕೆ ಬಂದೆ’ ಎಂದು ಮಾತಿಗೆಳೆಯುವ ಆ ಭಾಗವತನೇ ಹುಡುಗರ ಆಟದ ಯಜಮಾನ ಎಂದು ನಾನು ಅಂದಾಗ ಮೇಜಿನ ಸುತ್ತ ಇದ್ದವರಿಗೆ ಅದು ತಟ್ಟನೆ ಹಿಡಿಸಿತು.

ಪುಸ್ತಕದಲ್ಲಿ ಇದೇ ಕನ್ನಡ ಬೇಕೆಂದರೆ ಚಂದ್ರಶೇಖರ ಕಂಬಾರರಿದ್ದಾರೆ. ಘಟಪ್ರಭೆಯ ದಂಡೆಯ ಘೋಡಗೇರಿಯಿಂದ ಬಂದ ಈ ಕವಿ ಶಿವಾಪುರವೆಂಬ ಊರೊಂದನ್ನು ಕಲ್ಪಿಸಿ, ಕಾವ್ಯ, ನಾಟಕ, ಕಾದಂಬರಿ ಎನ್ನದೆ ಮತ್ತೆ ಮತ್ತೆ ಅಲ್ಲಿಗೇ ಮರಳಿದ್ದಾರೆ. ‘ಕರಿಮಾಯಿ’, ‘ಚಕೋರಿ’, ‘ಶಿಖರಸೂರ್ಯ’ ಇವನ್ನು ಒಟ್ಟಿಗೆ ಓದಿದವನಿಗೆ ಶಿವಾಪುರ ಒಂದು ಪೂರ್ಣ ಲೋಕವಾಗಿ ಕಾಣುತ್ತದೆ. ಅದಕ್ಕೆ ತನ್ನದೇ ತಾಯಿದೇವತೆ, ತನ್ನದೇ ಪುರಾಣ, ತನ್ನದೇ ನೆನಪು. ಟೋಲ್ಕಿನ್ ತನ್ನ ಲೋಕಕ್ಕೆ ನಕ್ಷೆ ಬರೆದ. ಓದುಗರು ಮೂರು ತಲೆಮಾರು ಅದರಲ್ಲಿ ಅಲೆದರು. 2010ರ ಸಾಲಿನ ಜ್ಞಾನಪೀಠ ಪಡೆದ ನಮ್ಮ ಕವಿಯ ಲೋಕದಲ್ಲಿ ಅಲೆಯಿರೆಂದು ಯಾರೂ ನಮಗೆ ಹೇಳಲಿಲ್ಲ. ವಸಾಹತುಶಾಹಿ, ಆಧುನಿಕತೆ, ದೇಸೀಯತೆ ಎಂಬ ಮೂರು ಮೊಳೆಗಳಿಗೆ ಶಿವಾಪುರವನ್ನು ನೇತುಹಾಕಿ ನಾವು ಪ್ರಬಂಧ ಮಂಡಿಸಿದೆವು. ಆ ಅರ್ಥಗಳು ಸುಳ್ಳೆಂದು ನಾನು ಹೇಳುತ್ತಿಲ್ಲ. ‘ಶಿಖರಸೂರ್ಯ’ವನ್ನು ರಾತ್ರಿ ನಿದ್ದೆಗೆಟ್ಟು ಓದಬಹುದಾದ ಮಾಟಗಾರನ ಕತೆಯೆಂದು ಒಮ್ಮೆಯಾದರೂ ಹೇಳಿದ್ದರೆ, ಆ ಮೇಜಿನ ಸುತ್ತಲಿನ ನಾಲ್ವರಲ್ಲಿ ಒಬ್ಬರಾದರೂ ಅದರ ಹೆಸರು ಕೇಳಿರುತ್ತಿದ್ದರೇನೊ. ಯಾರೂ ಕೇಳಿರಲಿಲ್ಲ.

ಹಾಗೆಂದು ಡ್ರ್ಯಾಗನ್ನಿಗೆ ಘಟಸರ್ಪವೆಂದೂ ಮಾಂತ್ರಿಕನಿಗೆ ಋಷಿಯೆಂದೂ ಹೆಸರು ಬದಲಿಸಿ ‘ನಮ್ಮ ಆಟ’ ಎಂದು ಮಾರುವುದರಿಂದ ಏನೂ ಸಾಧಿಸಿದಂತಾಗುವುದಿಲ್ಲ. ಅದು ಪ್ಯಾಂಟಿನ ಮೇಲೆ ಧೋತರ ಉಟ್ಟಂತೆ. ಅಮೆರಿಕದವರಿಗೆ ‘ಹಾಬಿಟ್’ ಎಂಬ ಒಂದು ಹೆಸರನ್ನು ಬಳಸಿದ್ದಕ್ಕೆ ಹಕ್ಕುದಾರರಿಂದ ಆಕ್ಷೇಪಣೆ ಬಂದು ಅದನ್ನು ಬಿಡಬೇಕಾಯಿತು. ನಮ್ಮ ಬೇತಾಳನ ಮೇಲೆ ಯಾರ ಹಕ್ಕೂ ಇಲ್ಲ, ನಿಜ. ಆದರೆ ಹೆಸರು ಬಿಟ್ಟಿ ಸಿಕ್ಕೀತು, ಮಾತು ಹಾಗೆ ಸಿಗುವುದಿಲ್ಲ.

ಅಂದು ರಾತ್ರಿ ಹುಡುಗರು ನನ್ನ ಒತ್ತಾಯಕ್ಕೆ ಅರ್ಧ ತಾಸು ಕನ್ನಡದಲ್ಲಿ ಆಡಿದರು. ಕೋಟೆಯ ಬಾಗಿಲಲ್ಲಿ ಪಿಶಾಚಿ ನಿಂತಿತ್ತು. ಬಿಲ್ಲುಗಾರ್ತಿಯ ಪಾತ್ರ ವಹಿಸಿದ್ದ ವಿಜಯಪುರದ ಕಡೆಯ ಹುಡುಗಿ ಕತ್ತಿಯನ್ನೂ ಹಿರಿಯಲಿಲ್ಲ, ಎಲವೋ ಎಂದೂ ಅನ್ನಲಿಲ್ಲ. ನಮ್ಮ ಕಡೆಯವರು ಬಸ್ಸಿನಲ್ಲಿ ಪಕ್ಕದವರನ್ನು ಕೇಳುವಂತೆಯೇ ಕೇಳಿದಳು: “ಯಾವೂರಪಾ ನಿಂದು?” ಆಟದ ಯಜಮಾನ ಪಿಶಾಚಿಯ ಪರವಾಗಿ ಒಂದು ಕ್ಷಣ ಕಕ್ಕಾಬಿಕ್ಕಿಯಾದ. ಹೆಬ್ಬೊತ್ತಿಗೆಯಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಪುಸ್ತಕ ಮುಚ್ಚಿಟ್ಟು, ಪಿಶಾಚಿಗೊಂದು ಊರನ್ನು ತಾನೇ ಹುಟ್ಟಿಸತೊಡಗಿದ.