ಹೃದ್ರೋಗಿಯ ಮುಂದಿನ ಅಪಾಯ: ರಕ್ತಪರೀಕ್ಷೆ ಹೇಳುವುದೆಷ್ಟು?

ಗುರುಗ್ರಾಮದಲ್ಲಿ ರಕ್ತಪರೀಕ್ಷೆ ಬಲು ಸುಲಭ. ಡಾ. ನರೇಶ್ ತ್ರೆಹಾನ್ 2009ರಲ್ಲಿ ಆರಂಭಿಸಿದ ಮೇದಾಂತದಂಥ ದೊಡ್ಡ ಆಸ್ಪತ್ರೆಗಳಿರುವ ಊರು ಅದು. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ, ವರದಿ ಮೊಬೈಲಿಗೆ ಬರುತ್ತದೆ. ‘ಹಾರ್ಟ್ ಪ್ಯಾಕೇಜ್’ ಎಂದರೆ ಸಾಕು, ಹತ್ತಾರು ಪರೀಕ್ಷೆ ಒಂದೇ ಸಲಕ್ಕೆ ಮುಗಿಯುತ್ತವೆ. ಆದರೆ ಈಗಾಗಲೇ ಹೃದಯಾಘಾತವಾದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಇವುಗಳಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತವೆ?

ವರದಿಯ ಒಂದು ಸಾಲನ್ನೇ ನೋಡಿ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 92. ಪಕ್ಕದಲ್ಲಿ ‘100ಕ್ಕಿಂತ ಕಡಿಮೆ ಇರಬೇಕು’ ಎಂದಿರುತ್ತದೆ. ಹೀಗಾಗಿ ಅಂಕಿ ಕಪ್ಪಕ್ಷರದಲ್ಲೇ ಉಳಿಯುತ್ತದೆ, ರೋಗಿ ನಿರಾಳನಾಗುತ್ತಾನೆ. ಆದರೆ ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಹೃದಯಾಘಾತವಾದಂಥ ಅತಿ ಹೆಚ್ಚು ಅಪಾಯದವರ ಎಲ್‌ಡಿಎಲ್ 55ಕ್ಕಿಂತ ಕಡಿಮೆ ಇರಬೇಕು. ಲ್ಯಾಬಿನ ಮಿತಿ ಆರೋಗ್ಯವಂತರಿಗೆ ಹೊಂದುವಂಥದ್ದು. ಅದನ್ನೇ ನಂಬಿ ಮಾತ್ರೆ ಕಡಿಮೆ ಮಾಡಿಕೊಂಡರೆ ಅಪಾಯ ತಪ್ಪಿದ್ದಲ್ಲ. ಪ್ಯಾಕೇಜ್ ಪದ್ಧತಿಯ ದೊಡ್ಡ ದೋಷ ಇದು: ರಕ್ತ ಯಾರದೆಂದು ಕೇಳದೆ ಎಲ್ಲರಿಗೂ ಒಂದೇ ಗೆರೆ ಎಳೆಯುತ್ತದೆ.

ಲೈಪೊಪ್ರೋಟೀನ್(ಎ) ಮಾತ್ರ ತಪ್ಪದೆ ಮಾಡಿಸಬೇಕಾದ ಪರೀಕ್ಷೆ. ಅದರ ಮಟ್ಟವನ್ನು ಬಹುಮಟ್ಟಿಗೆ ವಂಶವಾಹಿಗಳೇ ನಿರ್ಧರಿಸುತ್ತವೆ, ಬದುಕಿಡೀ ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಸಾಮಾನ್ಯವಾಗಿ ಒಮ್ಮೆ ನೋಡಿದರೆ ಸಾಕು; ಪ್ರತಿವರ್ಷದ ಪ್ಯಾಕೇಜಿನಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಪ್ರತಿ ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದ್ದರೆ ಎಲ್‌ಡಿಎಲ್ ವಿಷಯದಲ್ಲಿ ಇನ್ನಷ್ಟು ಬಿಗಿ ಬೇಕು, ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷಿಸಬೇಕು. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೆ, ಅಂದರೆ ಉಳಿದವರಿಗಿಂತ ಸುಮಾರು ಆರು ವರ್ಷ ಮೊದಲೇ ಆಗಿತ್ತು. ಮಕ್ಕಳ ಪರೀಕ್ಷೆ ಅನಗತ್ಯ ಎನ್ನುವವರು ಇದನ್ನು ಗಮನಿಸಬೇಕು.

ಮುಂದಿನ ಅಪಾಯವನ್ನು ಚೆನ್ನಾಗಿ ಹೇಳುವ ಸೂಚಕಗಳು ಬೇರೆಯೇ ಇವೆ. ಹೃದಯದ ಗೋಡೆ ಒತ್ತಡಕ್ಕೆ ಹಿಗ್ಗಿದಾಗ ಎನ್‌ಟಿ-ಪ್ರೊಬಿಎನ್‌ಪಿ ಏರುತ್ತದೆ. ಹೃದಯದ ಸ್ನಾಯು ಘಾಸಿಗೊಂಡರೆ ಟ್ರೋಪೋನಿನ್ ರಕ್ತಕ್ಕೆ ಸೇರುತ್ತದೆ. ಟ್ರೋಪೋನಿನ್ ಎಂದರೆ ಎದೆನೋವು ಬಂದಾಗಿನ ತುರ್ತು ಪರೀಕ್ಷೆ ಎಂದೇ ಹೆಚ್ಚಿನವರ ತಿಳಿವಳಿಕೆ. ಆದರೆ ನೋವೇ ಇಲ್ಲದ ಹಳೆಯ ರೋಗಿಯಲ್ಲೂ ಅದು ಸದಾ ತುಸು ಮೇಲಿದ್ದರೆ ಮುನ್ನೆಚ್ಚರಿಕೆ ಎಂದೇ ತಿಳಿಯಬೇಕು. ಸ್ವೀಡನ್ನಿನ ಉಪ್ಸಾಲಾದ ಸಂಶೋಧಕರ ಮುಂದಾಳತ್ವದಲ್ಲಿ 2017ರಲ್ಲಿ ರೂಪುಗೊಂಡ ಎಬಿಸಿ-ಸಿಎಚ್‌ಡಿ ಲೆಕ್ಕಾಚಾರ ಈ ಎರಡರ ಜತೆಗೆ ಎಲ್‌ಡಿಎಲ್, ವಯಸ್ಸು, ಧೂಮಪಾನ, ಸಕ್ಕರೆ ಕಾಯಿಲೆ, ಕಾಲಿನ ರಕ್ತನಾಳದ ರೋಗ ಇವನ್ನೆಲ್ಲ ಸೇರಿಸಿ ಅಪಾಯ ಅಳೆಯುತ್ತದೆ. ವಯಸ್ಸು, ಮೂತ್ರಪಿಂಡದ ತೊಂದರೆಗಳಿಂದಲೂ ಈ ಅಂಕಿಗಳು ಏರುವುದರಿಂದ ಅವನ್ನು ಬಿಡಿಯಾಗಿ ಓದಿ ಗಾಬರಿಯಾಗಬಾರದು.

ಸಿಆರ್‌ಪಿ ಉರಿಯೂತದ ಸೂಚಕ. ಹಿಂದೆ ಹೃದಯಾಘಾತವಾಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯ ಕ್ಯಾಂಟೋಸ್ ಪ್ರಯೋಗ (2017) ಉರಿಯೂತ ತಗ್ಗಿಸಿದರೆ ಮತ್ತೆ ಆಘಾತವಾಗುವುದೂ ತಗ್ಗುತ್ತದೆಂದು ತೋರಿಸಿತು. ಜತೆಗೆ ಸಾವಿಗೆ ಕಾರಣವಾಗುವ ಸೋಂಕುಗಳು ಹೆಚ್ಚಿದ್ದನ್ನೂ ದಾಖಲಿಸಿತು. ಮಳೆಗಾಲದ ಬೆನ್ನಿಗೆ ದೆಹಲಿ ಸುತ್ತಮುತ್ತ ಡೆಂಗಿ, ಜ್ವರ, ಕೆಮ್ಮು ಮನೆಮನೆಯಲ್ಲೂ ಇರುವಾಗ ತೆಗೆದ ರಕ್ತದಲ್ಲಿ ಸಿಆರ್‌ಪಿ 10 ದಾಟಿದ್ದರೆ ಅದರಿಂದ ಹೃದಯದ ಅಪಾಯ ಲೆಕ್ಕ ಹಾಕುವಂತಿಲ್ಲ. ಪೂರ್ತಿ ಗುಣವಾದ ಮೇಲೆ ಮತ್ತೆ ನೋಡಬೇಕು.

ಹೋಮೋಸಿಸ್ಟೀನ್ ಪರೀಕ್ಷೆಯಂತೂ ಪಟ್ಟಿಯಲ್ಲಿ ಇರಬೇಕಾದ್ದೇ ಅಲ್ಲ. ಬಿ12 ಕೊರತೆಯಿರುವ ಸಸ್ಯಾಹಾರಿಗಳಲ್ಲಿ ಅದು ಏರಿರುವುದು ಸಾಮಾನ್ಯ. ವಿಟಮಿನ್ ಕೊಟ್ಟು ಇಳಿಸಿದರೂ ಮತ್ತೆ ಹೃದಯಾಘಾತವಾಗುವುದು ತಪ್ಪಲಿಲ್ಲ ಎಂದು 2006ರಲ್ಲೇ ನಾರ್ವೆಯ ನಾರ್ವಿಟ್ ಪ್ರಯೋಗ ಸ್ಪಷ್ಟಪಡಿಸಿದೆ. ಬಿ12 ಕೊರತೆಗೆ ಚಿಕಿತ್ಸೆ ಬೇಕು ನಿಜ, ಹೃದಯದ ಭವಿಷ್ಯ ಹೇಳಲು ಹೋಮೋಸಿಸ್ಟೀನ್ ಪರೀಕ್ಷೆ ಬೇಡ.

ಒಟ್ಟಿನಲ್ಲಿ ಹೃದ್ರೋಗಿಗೆ ಬೇಕಿರುವುದು ಉದ್ದದ ಪಟ್ಟಿಯಲ್ಲ, ತನಗೆಂದೇ ಆಯ್ದ ನಾಲ್ಕೈದು ಪರೀಕ್ಷೆ. ಲ್ಯಾಬುಗಳು ಸ್ಟೆಂಟ್ ಹಾಕಿಸಿಕೊಂಡವರ ವರದಿಯಲ್ಲಿ 55ರ ಗುರಿಯನ್ನು ಎದ್ದು ಕಾಣುವಂತೆ ಮುದ್ರಿಸಲಿ. ಪ್ಯಾಕೇಜ್ ಕೊಳ್ಳುವ ಮುನ್ನ ರೋಗಿಗಳು ತಮ್ಮ ವೈದ್ಯರನ್ನು ಕೇಳಲಿ: ಈ ಫಲಿತಾಂಶ ಬಂದರೆ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?