ಗಂಡಭೇರುಂಡ: ಕುಂಭಾರಿಯಿಂದ ಒಂದು ಓದು

1973ರ ನವೆಂಬರ್ 1ರಂದು ಮೈಸೂರು ರಾಜ್ಯವು ಕರ್ನಾಟಕವೆಂದು ಮರುನಾಮಕರಣಗೊಂಡಿತು. ಲಾಂಛನದ ನಡುವಿನ ಹಕ್ಕಿ ಮಾತ್ರ ಬದಲಾಗಲಿಲ್ಲ. 1956ರಲ್ಲಿ ಮುಂಬಯಿ, ಹೈದರಾಬಾದು, ಮದರಾಸು ಪ್ರಾಂತಗಳಿಂದ ಬಂದು ಸೇರಿದವರಿಗೆ 'ಮೈಸೂರು' ಎಂಬ ಹೆಸರು ಒಗ್ಗಲಿಲ್ಲ. ಮೈಸೂರು ಒಡೆಯರ ಗುರುತಾಗಿದ್ದ ಗಂಡಭೇರುಂಡ ಅಷ್ಟಾಗಿ ಚುಚ್ಚಿದಂತಿಲ್ಲ. ಹಿಂದಿನ ಸಂಸ್ಥಾನವೊಂದರ ಮುದ್ರೆ ಇಡೀ ನಾಡಿನ ಮುದ್ರೆಯಾದದ್ದು ಹೀಗೆ, ಬಹುಮಟ್ಟಿಗೆ ಸದ್ದಿಲ್ಲದೆ.

ಈ ಹಕ್ಕಿಯನ್ನು ಮೈಸೂರಿನ ಅರಮನೆಯಿಂದಲೇ ಓದತೊಡಗುವ ರೂಢಿ ಅದರ ಚರಿತ್ರೆಯನ್ನು ಕುಗ್ಗಿಸುತ್ತದೆ. ಬಳ್ಳಿಗಾವೆಯಲ್ಲಿ 1047ರಲ್ಲಿ ಚಾಮುಂಡರಾಯನು ನಿಲ್ಲಿಸಿದ ಕಂಬದ ತುದಿಯಲ್ಲಿ, ಮನುಷ್ಯದೇಹದ ಮೇಲೆ ಹಕ್ಕಿಯ ಎರಡು ತಲೆಗಳುಳ್ಳ ಭೇರುಂಡವಿದೆ. ಆತ ಕಲ್ಯಾಣ ಚಾಲುಕ್ಯ ಒಂದನೆಯ ಸೋಮೇಶ್ವರನ ಮಹಾಮಂಡಲೇಶ್ವರ. ಸೊಲ್ಲಾಪುರದ ಸೀಮೆಯೂ ಅದೇ ಅರಸುಮನೆತನದ ಆಳ್ವಿಕೆಗೆ ಒಳಪಟ್ಟಿತ್ತು. ಆದರೆ ಇಷ್ಟರಿಂದಲೇ ಗಂಡಭೇರುಂಡವನ್ನು ಎಲ್ಲ ಕನ್ನಡಿಗರ ಪಿತ್ರಾರ್ಜಿತವೆಂದು ಸಾರುವುದು ಅವಸರ. ಚಾಲುಕ್ಯರ ಲಾಂಛನ ವರಾಹ. ಅದು ಚಿನ್ನದ ನಾಣ್ಯಕ್ಕೆ ಹೆಸರಾಗಿ ಜನರ ಬಾಯಲ್ಲಿ ಉಳಿಯಿತೇ ಹೊರತು ರಾಜ್ಯದ ಗುರಾಣಿಯನ್ನು ಏರಲಿಲ್ಲ.

ವಿಜಯನಗರದ ಅಚ್ಯುತದೇವರಾಯನ ನಾಣ್ಯಗಳಲ್ಲಿ ಗಂಡಭೇರುಂಡವು ಕೊಕ್ಕು ಮತ್ತು ಉಗುರುಗಳಲ್ಲಿ ಆನೆಗಳನ್ನು ಹಿಡಿದಿದೆ. ಇಂದಿನ ಲಾಂಛನದಲ್ಲಿ ಆ ಬೇಟೆ ಇಲ್ಲ. ಆನೆಯ ತಲೆ, ಸಿಂಹದ ಮೈ ಇರುವ ಶರಭಗಳೆರಡು ಗುರಾಣಿಯನ್ನು ಇಬ್ಬದಿಯಿಂದ ಹಿಡಿದು ನಿಂತಿವೆ. ಒಮ್ಮೆ ಆಹಾರವಾಗಿದ್ದ ಆನೆ ಈಗ ಕಾವಲಿಗೆ ಬಂದಿದೆ! ಮೇಲೆ ಅಶೋಕನ ಸಿಂಹಶೀರ್ಷ. ಅಭಯವನ್ನು ಸಾರುತ್ತಿದ್ದ ಮೈಸೂರಿನ ಧ್ಯೇಯವಾಕ್ಯದ ಬದಲಿಗೆ ಸತ್ಯಮೇವ ಜಯತೇ. ಅರಸೊತ್ತಿಗೆಯ ಪರಾಕ್ರಮವನ್ನು ಗಣರಾಜ್ಯವು ಹೀಗೆ ಪಳಗಿಸಿಕೊಂಡಿತು.

ಒಂದೇ ಮೈಯ ಎರಡು ತಲೆಗಳಲ್ಲಿ ದ್ವಿಭಾಷಿಕತೆಯ ರೂಪಕವನ್ನು ಕಾಣುವ ಆಸೆ ಗಡಿನಾಡಿನ ಓದುಗರಿಗೆ ಸಹಜ. ಪ್ರತಿಮೆ ಅದಕ್ಕೆ ಎಡೆಗೊಡುವುದಿಲ್ಲ. ಆ ತಲೆಗಳು ಪರಸ್ಪರ ಮಾತಾಡುವುದಿಲ್ಲ. ಅಚ್ಯುತನ ನಾಣ್ಯದಲ್ಲಂತೂ ಎರಡರ ಕೊಕ್ಕಿನಲ್ಲೂ ಆನೆ. ಅದು ಇಮ್ಮಡಿಗೊಂಡ ಬಲದ ಚಿತ್ರ, ಸಂವಾದದ್ದಲ್ಲ.

ದಕ್ಷಿಣ ಸೊಲ್ಲಾಪುರ ತಾಲೂಕಿನ ಕುಂಭಾರಿಯಿಂದ ನೋಡಿದಾಗ ಈ ಬಲದ ಎಲ್ಲೆ ಸ್ಪಷ್ಟವಾಗುತ್ತದೆ. ನೆರೆಯ ಅಕ್ಕಲಕೋಟೆ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಈ ಸೀಮೆಯ ಹಳ್ಳಿಗಳು ಕರ್ನಾಟಕಕ್ಕೆ ಸೇರಲೆಂದು ಮಹಾಜನ ಆಯೋಗ 1967ರಲ್ಲಿ ಮಾಡಿದ ಶಿಫಾರಸು ಜಾರಿಗೆ ಬರಲಿಲ್ಲ. ಹಾಗಾಗಿ ಗಂಡಭೇರುಂಡ ಇಲ್ಲಿಯ ಕನ್ನಡಕ್ಕೆ ಭಾಷೆಯ ಗುರುತಲ್ಲ, ನೆರೆರಾಜ್ಯದ ಸರಕಾರಿ ಮುದ್ರೆ. ಈ ಭಾಗದ ಕನ್ನಡ ಶಾಲೆಯ ಮಗು ಅಕ್ಷರ ಕಲಿಯುವುದು ಪುಣೆಯ ಬಾಲಭಾರತಿ ಅಚ್ಚು ಹಾಕಿದ ಕನ್ನಡ ಪುಸ್ತಕದಿಂದ. ಆ ಮಗುವಿನ ರಾಜ್ಯದ ಮುದ್ರೆಯಲ್ಲಿರುವುದು ಸಮಯಿ ದೀಪ.